ಸಿಹಿ ವಿಲನ್‌ನ ದ್ವಿಪಾತ್ರ!

ಹೀರೋ ಸಿಕ್ಸ್ ಪ್ಯಾಕ್ ಮಾಡಿದ ಸುದ್ದಿ ಬರೆದರೆ ರಾಶಿ ಪತ್ರ ಬರುತ್ತವೆ. ಸಕ್ಕರೆ ಕಾಯಿಲೆ ಬಗ್ಗೆ ಬರೀತೀನಿ ಅಂದರೆ, ‘ಅದು ನಮ್ಮಪ್ಪನ ವಯಸ್ಸಿನವರ ಸಮಾಚಾರ, ಬಿಡು ಗುರೂ’ ಅಂತ ಪುಟ ತಿರುಗಿಸ್ತೀರಿ. ಸ್ವಲ್ಪ ತಡೀರಿ ಸ್ವಾಮಿ! ಈ ವಿಲನ್‌ಗೆ ವಯಸ್ಸಿನ ಹಂಗಿಲ್ಲ.

ನಾನು ಪಿಯುಸಿಗೇ ಕಾಲೇಜಿಗೆ ಶರಣು ಹೊಡೆದವನು. ಡಾಕ್ಟರುಗಳ ಭಾಷೆ ನನಗೆ ಬರಲ್ಲ. ಕೇಳಿ ತಿಳಿದದ್ದನ್ನು ನಮ್ಮ ಥಿಯೇಟರ್ ಭಾಷೆಯಲ್ಲೇ ಹೇಳ್ತೀನಿ.

ತಿಂದ ಅನ್ನ, ಮುದ್ದೆ ಎಲ್ಲ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಆ ಸಕ್ಕರೆಯೇ ಪ್ರೇಕ್ಷಕ. ದೇಹದ ಜೀವಕೋಶವೇ ಥಿಯೇಟರು. ಬಾಗಿಲು ತೆಗೆದು ಒಳಗೆ ಬಿಡುವ ಗೇಟ್‌ಕೀಪರ್ ಹೆಸರು ಇನ್ಸುಲಿನ್. ಹೊಟ್ಟೆಯೊಳಗಿನ ಮೇದೋಜ್ಜೀರಕ ಗ್ರಂಥಿ ಇದನ್ನು ತಯಾರಿಸುತ್ತೆ. ಗೇಟ್ ತೆಗೆಯದಿದ್ದರೆ? ಜನವೆಲ್ಲ ರಸ್ತೆಯಲ್ಲೇ. ಅಂದರೆ ರಕ್ತದಲ್ಲೇ!

ವಿಲನ್‌ನ ಮೊದಲ ಪಾತ್ರ ಟೈಪ್ 1. ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹೊಡೆದು ಹಾಕುತ್ತೆ. ಮಕ್ಕಳು, ಹುಡುಗರಲ್ಲೇ ಹೆಚ್ಚು. ಯಾವ ವಯಸ್ಸಿನಲ್ಲೂ ಬರಬಹುದು. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ರೋಗಿಯ ತಪ್ಪೂ ಅಲ್ಲ. 1992ರ ವಿಶ್ವಕಪ್ ಫೈನಲ್ ಗೆಲ್ಲಿಸಿದ ವಾಸಿಂ ಅಕ್ರಂಗೆ ಇದು ಗೊತ್ತಾದದ್ದು 1997ರಲ್ಲಿ. ಮುಗೀತು ಅಂದುಕೊಂಡಿರಾ? ಇನ್ಸುಲಿನ್ ಚುಚ್ಚಿಕೊಂಡೇ ಬೌಲ್ ಮಾಡಿ, 2003ರ ವಿಶ್ವಕಪ್‌ನಲ್ಲಿ ಏಕದಿನದ 500ನೇ ವಿಕೆಟ್ ಕಿತ್ತರು!

ಎರಡನೇ ಪಾತ್ರ ಟೈಪ್ 2. ಹೆಚ್ಚಿನವರಿಗೆ ಬರೋದು ಇದೇ. ಗೇಟ್‌ಕೀಪರ್ ಇದ್ದಾನೆ, ಬಾಗಿಲೇ ತುಕ್ಕು ಹಿಡಿದಿದೆ. ವಂಶದ ಗುಣ, ಹೊಟ್ಟೆಯ ಬೊಜ್ಜು, ಮೈ ಬಗ್ಗಿಸದ ಬದುಕು ಇದರ ನಿರ್ಮಾಪಕರು. ಸತತ ಎರಡು ವರ್ಷ ಆಸ್ಕರ್ ಗೆದ್ದ ಟಾಮ್ ಹ್ಯಾಂಕ್ಸ್, ತಮಗೆ ಟೈಪ್ 2 ಇದೆ ಅಂತ 2013ರಲ್ಲಿ ಟಿ.ವಿ.ಯಲ್ಲೇ ಹೇಳಿದರು. 36ನೇ ವಯಸ್ಸಿನಿಂದಲೇ ಸಕ್ಕರೆ ಹೆಚ್ಚಿತ್ತಂತೆ. ಟ್ರೇಲರ್ ಇಪ್ಪತ್ತು ವರ್ಷ ಓಡಿತ್ತು!

ಇನ್ನೊಂದು ಅತಿಥಿ ಪಾತ್ರವೂ ಉಂಟು. ಗರ್ಭಿಣಿಯರಿಗೆ ಬರುತ್ತೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುತ್ತೆ. ಆದರೆ ಮುಂದೆ ಟೈಪ್ 2 ಆಗುವ ಸಾಧ್ಯತೆ ಬಿಟ್ಟು ಹೋಗುತ್ತೆ.

ಗುರುತು ಹಿಡಿಯೋದು ಹೇಗೆ? ಪದೇ ಪದೇ ಮೂತ್ರ, ಎಷ್ಟು ಕುಡಿದರೂ ಆರದ ದಾಹ, ಹಸಿವು, ಸುಸ್ತು, ಮಂಜಾಗುವ ಕಣ್ಣು, ಮಾಯದ ಗಾಯ, ಕಾರಣವಿಲ್ಲದೆ ಇಳಿಯುವ ತೂಕ. ಟೈಪ್ 2 ಮಾತ್ರ ವರ್ಷಗಟ್ಟಲೆ ಸದ್ದೇ ಮಾಡದೆ ಕೂತಿರಬಹುದು.

ನನಗೆ ಗೊತ್ತಿರೋ ಹುಡುಗನೊಬ್ಬ ಪೋಸ್ಟರ್ ಅಂಟಿಸ್ತಿದ್ದ. ಒಂದೇ ತಿಂಗಳಲ್ಲಿ ಇಳಿದುಹೋದ. ‘ಹೀರೋ ಥರ ಸ್ಲಿಮ್ ಆದೆ ಕಣೋ’ ಅಂತ ಗೆಳೆಯರ ಶಿಳ್ಳೆ. ಆಮೇಲೆ ವಾಂತಿ, ಏದುಸಿರು, ಆಸ್ಪತ್ರೆ. ಟೈಪ್ 1! ಇನ್ಸುಲಿನ್ ಕೊಟ್ಟು ಉಳಿಸಿದರು. ಊರಿಗೆ ಹೋದಾಗ ಯಾರೋ, ‘ಸೂಜಿ ಬಿಡು, ಬೇರಿನ ಪುಡಿ ತಗೋ’ ಅಂದರಂತೆ. ಅವನ ತಾಯಿ ಪುಡಿಯನ್ನು ಒಲೆಗೆ ಹಾಕಿದರು. ಆ ತಾಯಿಗೆ ಕೈ ಮುಗೀಬೇಕು. ಟೈಪ್ 1 ಇದ್ದವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಕುತ್ತು. 1922ರಲ್ಲಿ ಟೊರಾಂಟೊದಲ್ಲಿ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಈ ರೋಗಕ್ಕೆ ಸಾವೇ ಕ್ಲೈಮ್ಯಾಕ್ಸ್ ಆಗಿತ್ತು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ. ಇನ್ನೂ 13 ಕೋಟಿಗೂ ಮಿಕ್ಕಿ ಜನ ಅದರ ಹೊಸ್ತಿಲಲ್ಲಿ.

ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ 100ರ ಒಳಗಿದ್ದರೆ ಸರಿ. 100ರಿಂದ 125 ಟ್ರೇಲರ್. 126 ಮುಟ್ಟಿದರೆ ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡ್ತಾರೆ. ಟ್ರೇಲರ್‌ನಲ್ಲೇ ನಡಿಗೆ ಶುರು ಮಾಡಿ ತೂಕ ಇಳಿಸಿದರೆ ಎಷ್ಟೋ ಜನರಿಗೆ ಪಿಕ್ಚರ್ ಬಿಡುಗಡೆಯೇ ಆಗಲ್ಲ.

ಫಸ್ಟ್ ಡೇ ಫಸ್ಟ್ ಶೋಗೆ ಕ್ಯೂ ನಿಲ್ಲುವ ಕಾಲುಗಳು ಒಮ್ಮೆ ಲ್ಯಾಬ್ ಮುಂದೆಯೂ ನಿಲ್ಲಲಿ. ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ದರಂತೂ ತಡ ಬೇಡ. ಏನಂತೀರಿ?

ಮುಂದಿನ ವಾರ ಸಿಗೋಣ.