ಸರ್ಕಾರಿ ಯುವಶಕ್ತಿ ಯಾರ ಶಕ್ತಿ?

ಸರ್ಕಾರವೇ ಮುಂದೆ ನಿಂತು ಯುವಕರನ್ನು ಸಂಘಟಿಸತೊಡಗಿತೆಂದರೆ ಆ ಯುವಕರ ತಂದೆತಾಯಿಗಳು ಮೊದಲು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಇದು ಹಾಸ್ಯಕ್ಕೆ ಆಡಿದ ಮಾತಲ್ಲ. ನಮ್ಮ ದೇಶದಲ್ಲಿಯೇ ನಡೆದುಹೋದ ಸಂಗತಿ.

ಈ ಹಳೆಯ ಮಾತನ್ನು ಈಗೇಕೆ ಎತ್ತಿದಿರಿ ಎಂದು ವಾಚಕರು ಕೇಳಬಹುದು. ಸಂಘದ ಕೆಲಸಕ್ಕೆಂದು ನಾವು ವಾರಕ್ಕೆರಡು ಬಾರಿ ಪೀಣ್ಯಕ್ಕೆ ಹೋಗಿ ಬರುತ್ತೇವೆ. ಅಲ್ಲಿ ಲೇತು ನಡೆಸುವ ಹುಡುಗರು, ಹೊಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಕೂತ ಹೆಣ್ಣುಮಕ್ಕಳು, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಬಾಗಿಲು ಕಾಯುವವರು, ಇವರಲ್ಲಿ ಬಹುಮಂದಿ ನಮ್ಮಂಥ ಊರುಗಳಿಂದ ಹೋದವರೇ. ಸಮಾವೇಶದ ದಿನ ಇವರನ್ನು ಕರೆದೊಯ್ಯಲು ಬಸ್ಸು ಬರುತ್ತದೆ, ಬಣ್ಣದ ಟೀ ಷರ್ಟು ಬರುತ್ತದೆ, ಊಟದ ಪೊಟ್ಟಣವೂ ಬರುತ್ತದೆ. ‘ಯುವಶಕ್ತಿಗೆ ಜೈ’ ಎಂದು ಕೂಗಿಸಿ ಸಂಜೆಗೆ ಇಳಿಸಿ ಹೋಗುತ್ತಾರೆ. ಹಾಗೆ ಹೋಗಿ ಬಂದ ಒಬ್ಬ ಹುಡುಗನನ್ನು, ‘ಏನಪ್ಪಾ, ನಿನ್ನ ಬಾಕಿ ಓಟಿ ದುಡ್ಡಿನ ವಿಷಯ ಅಲ್ಲಿ ಕೇಳಿದೆಯಾ?’ ಎಂದೆವು. ‘ಅದನ್ನೆಲ್ಲ ಅಲ್ಲಿ ಕೇಳೋ ಹಂಗಿಲ್ಲ ಮೇಷ್ಟ್ರೇ’ ಎಂದ.

ಕೇಳುವ ಹಾಗಿಲ್ಲ! ಐವತ್ತು ವರ್ಷಗಳ ಹಿಂದಿನ ಚರಿತ್ರೆಯೆಲ್ಲ ಆ ಒಂದು ಮಾತಿನಲ್ಲಿದೆ.

1975ನೆಯ ಇಸವಿ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಪತ್ರಿಕೆಗಳ ಬಾಯಿ ಕಟ್ಟಿತು. ಒಂದು ಲಕ್ಷಕ್ಕೂ ಮಿಕ್ಕ ಜನರು ವಿಚಾರಣೆಯಿಲ್ಲದೆಯೋ ತುರ್ತು ಕಾಯಿದೆಗಳ ಕೆಳಗೋ ಸೆರೆಮನೆ ಸೇರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿಯವರ ಕಿರಿಯ ಮಗ ಸಂಜಯ ಗಾಂಧಿಯವರು ಯುವಕ ಕಾಂಗ್ರೆಸ್ಸಿನ ಕಾರ್ಯಕಾರಿಣಿಗೆ ಬಂದರು. ಅಧ್ಯಕ್ಷೆ ಅಂಬಿಕಾ ಸೋನಿಯವರು. ಅಪ್ಪಣೆ ಮಾತ್ರ ಸಂಜಯರದು. ಮಂತ್ರಿಯಲ್ಲ, ಶಾಸಕರಲ್ಲ, ಯಾವ ಜನರೂ ಓಟು ಕೊಟ್ಟು ಕಳಿಸಿದವರಲ್ಲ. ಆದರೂ ಮುಖ್ಯಮಂತ್ರಿಗಳು ವಿಮಾನ ನಿಲ್ದಾಣಕ್ಕೆ ಹೋಗಿ ಕಾದು ನಿಲ್ಲುತ್ತಿದ್ದರು. ಗಿಡ ನೆಡಿ, ವರದಕ್ಷಿಣೆ ಬಿಡಿ, ಜಾತಿ ಅಳಿಸಿ, ಒಬ್ಬರು ಒಬ್ಬರಿಗೆ ಅಕ್ಷರ ಕಲಿಸಿ, ಕುಟುಂಬ ಯೋಜನೆ ಪಾಲಿಸಿ — ಇದು ಅವರ ಪಂಚಸೂತ್ರ. 1976ರ ನವೆಂಬರಿನಲ್ಲಿ ಗುವಾಹಟಿಯ ಅಧಿವೇಶನದಲ್ಲಿ, ಯುವಕರು ಹಿರಿಯರನ್ನೂ ಮೀರಿಸಿದರೆಂದು ತಾಯಿಯವರೇ ಹೊಗಳಿದರು.

ಗಿಡ ನೆಡುವುದು ತಪ್ಪೇ? ವರದಕ್ಷಿಣೆ ಬೇಡವೆಂದರೆ ತಪ್ಪೇ? ಖಂಡಿತ ಅಲ್ಲ. ನಾವೂ ಶಾಲೆಯಲ್ಲಿ ಮಕ್ಕಳ ಕೈಯಿಂದ ಗಿಡ ನೆಡಿಸಿದವರೇ. ಆದರೆ ಈ ಒಳ್ಳೆಯ ಮಾತುಗಳ ಮರೆಯಲ್ಲಿ ಏನು ನಡೆಯಿತೆಂಬುದನ್ನು ನೋಡಿ.

ದುಡಿಯುವ ಜನ ಹೋರಾಡಿ ಪಡೆದಿದ್ದ ಕನಿಷ್ಠ ಬೋನಸ್ಸು ಶೇಕಡ 8.33, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. 1975ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಅದನ್ನು ಶೇಕಡ 4ಕ್ಕೆ ಇಳಿಸಲಾಯಿತು. ತಿಂಗಳಿಗೆ 300 ರೂಪಾಯಿ ಪಡೆಯುತ್ತಿದ್ದ ಗಿರಣಿ ಕೂಲಿಕಾರನಿಗೆ ಹಬ್ಬಕ್ಕೆ 300 ಬರಬೇಕಾದಲ್ಲಿ 144 ಎಂದಾಯಿತು. ಮುಷ್ಕರ ಹೂಡುವಂತಿಲ್ಲ, ಮೆರವಣಿಗೆ ತೆಗೆಯುವಂತಿಲ್ಲ. ತಂದೆಯ ಕೈಯಿಂದ 156 ರೂಪಾಯಿ ಕಸಿದು, ಮಗನ ಕೈಗೆ ಒಂದು ಸಸಿ ಕೊಟ್ಟರು! ಆ ಪಂಚಸೂತ್ರದಲ್ಲಿ ಬೋನಸ್ಸಿಗೆ ಆರನೆಯ ಸೂತ್ರವಾಗಿಯಾದರೂ ಜಾಗವಿತ್ತೇ? ಇರಲಿಲ್ಲ. ಕೇಳುವ ಹಾಗಿರಲಿಲ್ಲ.

ಸಣ್ಣ ವ್ಯಾಪಾರಿಗಳು ಇದು ಕೂಲಿಕಾರರ ಗೋಳೆಂದು ತಿಳಿಯಬಾರದು. ದೆಹಲಿಯೊಂದರಲ್ಲಿಯೇ ಆ ಅವಧಿಯಲ್ಲಿ ಸುಮಾರು ಒಂದೂವರೆ ಲಕ್ಷ ಕಟ್ಟಡ, ಗುಡಿಸಲು, ಅಂಗಡಿಗಳನ್ನು ‘ನಗರ ಸೌಂದರ್ಯ’ದ ಹೆಸರಿನಲ್ಲಿ ಕೆಡವಿದರೆಂಬುದು ಷಾ ಆಯೋಗದ ವರದಿಯಲ್ಲಿದೆ. ಕುಟುಂಬ ಯೋಜನೆಯ ಸೂತ್ರವಂತೂ ಕೋಟಾ ಆಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಚಿಕಿತ್ಸೆಗಳಾದವು. ಉತ್ತರದ ರಾಜ್ಯಗಳಲ್ಲಿ ಶಾಲಾ ಮೇಷ್ಟ್ರುಗಳಿಗೂ ಇಷ್ಟು ಜನರನ್ನು ಹಿಡಿದು ತನ್ನಿರೆಂದು ಲೆಕ್ಕ ಕೊಟ್ಟು, ತಾರದವರ ಸಂಬಳ ತಡೆದರು. ನಮ್ಮ ರಾಜ್ಯವೂ ತನಗೆ ಕೊಟ್ಟ ಗುರಿಯನ್ನು ದಾಟಿತು.

ಇದೇನು ಹೊಸ ವಿದ್ಯೆಯಲ್ಲ. ಇಟಲಿಯಲ್ಲಿ ಮುಸೊಲಿನಿಯ ಸರ್ಕಾರದ ಎರಡು ಕಾನೂನುಗಳಿಗೆ ಒಂದೇ ದಿನಾಂಕವಿದೆ: 1926ನೆಯ ಇಸವಿ ಏಪ್ರಿಲ್ 3. ಒಂದು ಕಾನೂನು ಬಾಲಕರಿಗಾಗಿ ‘ಬಲಿಲ್ಲಾ’ ಎಂಬ ಸರ್ಕಾರಿ ದಳವನ್ನು ಸ್ಥಾಪಿಸಿತು. ಇನ್ನೊಂದು ಕಾರ್ಮಿಕರ ಮುಷ್ಕರವನ್ನು ನಿಷೇಧಿಸಿತು. ಜರ್ಮನಿಯಲ್ಲಿ 1933ರ ಮೇ 2ರಂದು ಕಾರ್ಮಿಕ ಸಂಘಗಳ ಕಛೇರಿಗಳನ್ನು ವಶಪಡಿಸಿಕೊಂಡರು. 1936ರಲ್ಲಿ ಹಿಟ್ಲರನ ಯುವಕ ದಳಕ್ಕೆ ಕಾನೂನಿನ ಬಲ ಕೊಟ್ಟು, 1939ರಲ್ಲಿ ಅದನ್ನು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿದರು. 1945ರಲ್ಲಿ ಅದೇ ಹುಡುಗರನ್ನು ಬರ್ಲಿನ್ನಿನ ಬೀದಿಯಲ್ಲಿ ಟ್ಯಾಂಕುಗಳೆದುರಿಗೆ ನಿಲ್ಲಿಸಿದರು. ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ, ನಿಜ. ಆದರೆ ಅಪ್ಪನ ಸಂಘವನ್ನು ಮುರಿಯುವ ಕೈಯೇ ಮಗನಿಗೆ ಸಮವಸ್ತ್ರ ಹೊಲಿಸುತ್ತದೆಂಬ ಪಾಠ ಒಂದೇ.

ಬೆಂಗಳೂರಿನಲ್ಲಿ ಯುವಕರಿರಲಿಲ್ಲವೇ? ಇದ್ದರು, ಸೆರೆಮನೆಯಲ್ಲಿ. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು 1976ರ ಮೇ 1ರಂದು, ಕಾರ್ಮಿಕರ ದಿನದಂದೇ, ಹಿಡಿದೊಯ್ದು ಪೋಲೀಸರು ಮೈಮುರಿಯುವಂತೆ ಹಿಂಸಿಸಿದರು. ಅದೇ ತಿಂಗಳು ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಉಬ್ಬಸದ ರೋಗಿಯಾದ ಆ ತಾಯಿ ಎಂಟು ತಿಂಗಳು ಅಲ್ಲಿ ಕೊರಗಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಎದುರಾಳಿಗಳು ಒಂದು ಪ್ರಶ್ನೆ ಕೇಳುತ್ತಾರೆ: ಅಷ್ಟು ಕೆಟ್ಟದಾಗಿದ್ದರೆ 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಏಕೆ ಬಂದವು? ನಾವು ಈ ಪ್ರಶ್ನೆಗೆ ಬೆನ್ನು ತಿರುಗಿಸುವುದಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರನಿಗೆ ನೆಲ ಸಿಕ್ಕಿತ್ತು. ಆತ ನೆಲಕ್ಕೆ ಓಟು ಕೊಟ್ಟ, ಸಂಜಯರ ದಳಕ್ಕಲ್ಲ. ಕಾರ್ಖಾನೆಯ ಜನರೂ ಅಂಗಡಿಕಾರರೂ ಇದ್ದ ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು, ಸರ್ಕಾರ ಹಿರಿತನವನ್ನು ಕಡೆಗಣಿಸಿದ್ದಕ್ಕೆ 1973ರಲ್ಲಿ ನ್ಯಾಯಪೀಠವನ್ನೇ ಬಿಟ್ಟ ಕೆ. ಎಸ್. ಹೆಗ್ಡೆಯವರು. ಶೇಕಡ 8.33 ಬೋನಸ್ಸು ಮರಳಿ ಬಂದದ್ದೂ ಆ ವರ್ಷವೇ.

ನಮ್ಮವರ ತಪ್ಪನ್ನೂ ಹೇಳಬೇಕು. 1977ರಲ್ಲಿ ಸೋಷಲಿಸ್ಟ್ ಪಕ್ಷ ಜನತಾ ಪಕ್ಷದಲ್ಲಿ ಕರಗಿತು. ಕಾಗೋಡಿನ ಪರಂಪರೆಯಿಂದ ಬೆಳೆದು, ಹಳ್ಳಿ ಹಳ್ಳಿಯ ಹುಡುಗರಿಗೆ ಪ್ರಶ್ನೆ ಕೇಳಲು ಕಲಿಸಿದ್ದ ಸಮಾಜವಾದಿ ಯುವಜನ ಸಭೆ ಸೊರಗಿತು. ಹುತ್ತ ಕಟ್ಟಿದ್ದು ಗೆದ್ದಲು, ಸೇರಿಕೊಂಡದ್ದು ಹಾವು. 1980ರಲ್ಲಿ ಸಂಜಯರ ನಿಷ್ಠರಾದ ಗುಂಡೂರಾಯರೇ ಮುಖ್ಯಮಂತ್ರಿಯಾದರು. ಆ ಜುಲೈನಲ್ಲಿ ನರಗುಂದ-ನವಲಗುಂದದ ರೈತರ ಮೇಲೆ ಗುಂಡು ಹಾರಿತು. ಸರ್ಕಾರ ಸಾಕಿದ ಯೌವನ ಸರ್ಕಾರವಾದಾಗ ಕೊಟ್ಟ ಫಲ ಇದು.

ಹಾಗಾದರೆ ನಿಜವಾದ ಯುವಶಕ್ತಿ ಯಾವುದು? 2016ರ ಏಪ್ರಿಲ್ 18 ಮತ್ತು 19ರಂದು ಅದನ್ನು ಬೆಂಗಳೂರು ಕಂಡಿತು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲವೆಂದು ಕೇಂದ್ರ ಸರ್ಕಾರ ಹೊರಡಿಸಿದ್ದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಬಹುತೇಕ ಹೆಣ್ಣುಮಕ್ಕಳು, ಹೊಸೂರು ರಸ್ತೆಗೂ ಜಾಲಹಳ್ಳಿ ಕ್ರಾಸಿಗೂ ಇಳಿದರು. ಅವರಿಗೆ ಬಸ್ಸು ಕಳಿಸಿದವರಾರು? ಪೊಟ್ಟಣ ಹಂಚಿದವರಾರು? ಲಾಠಿ ಬಿತ್ತು, ಕಲ್ಲೂ ಬೆಂಕಿಯೂ ಬಿದ್ದವು. ಅದನ್ನು ನಾವು ಕೊಂಡಾಡುವುದಿಲ್ಲ. ಆದರೆ ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಅದಾದ ಮೇಲೆ 2021ರಲ್ಲಿ, ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರು ಫ್ರೀಡಂ ಪಾರ್ಕಿನಲ್ಲಿ ಮಾತ್ರ ಮಾಡತಕ್ಕದ್ದೆಂದು ಪೋಲೀಸ್ ಆದೇಶವಾಯಿತು. ಆ ಪಾರ್ಕು ಯಾವುದು? ಸ್ನೇಹಲತಾ ರೆಡ್ಡಿಯವರನ್ನು ಕೂಡಿಟ್ಟಿದ್ದ ಹಳೆಯ ಸೆಂಟ್ರಲ್ ಜೈಲು! 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾನೂನನ್ನು ತಿದ್ದಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ನಮ್ಮ ವಿಧಾನ ಮಂಡಲ ದಾರಿ ಮಾಡಿತು. ಆಗ ಯಾವ ಟೀ ಷರ್ಟಿನ ದಳ ಪೀಣ್ಯದ ಗೇಟಿಗೆ ಬಂದದ್ದನ್ನು ನೀವು ಕಂಡಿರಿ?

ಬಂಧುಗಳೇ, ಮಗನನ್ನಾಗಲಿ ಮಗಳನ್ನಾಗಲಿ ಮನೆಯಲ್ಲಿ ಕಟ್ಟಿಹಾಕಿ ಎಂದು ನಾವು ಹೇಳುತ್ತಿಲ್ಲ. ಸಂಘ ಬೇಕು, ಬಾವುಟ ಬೇಕು, ಬೀದಿಯೂ ಬೇಕು. ಆದರೆ ಯಾರಾದರೂ ಯುವಶಕ್ತಿಯ ಹೆಸರು ಹೇಳಿ ಬಾಗಿಲಿಗೆ ಬಂದರೆ ಮೂರು ಪ್ರಶ್ನೆ ಕೇಳಿರಿ. ಬಸ್ಸಿನ ದುಡ್ಡು ಯಾರದು? ಲೆಕ್ಕ ತೋರಿಸುತ್ತೀರಾ? ನಿಮ್ಮ ನಾಯಕರೆದುರಿಗೆ ನಿಂತು ನಮ್ಮ ಹುಡುಗ ತನ್ನ ಓಟಿ ದುಡ್ಡಿನ ಮಾತನ್ನು ಕೇಳಬಹುದೇ?

ಕೇಳಬಹುದು ಎಂದರೆ ಕಳಿಸಿರಿ. ಕೇಳುವ ಹಾಗಿಲ್ಲ ಎಂದರೆ, ಆ ಟೀ ಷರ್ಟನ್ನು ಮಡಿಸಿ ಅವರ ಕೈಗೇ ಕೊಟ್ಟು ಕಳಿಸಿರಿ.