ಎಕ್ಕದ ಎಲೆಯನ್ನು ಪಾದಕ್ಕೆ ಕಟ್ಟಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಯೇ?

ಎಕ್ಕದ ಎಲೆಯನ್ನು ಪಾದದ ಕೆಳಗಿಟ್ಟು ಸಾಕ್ಸ್ ಹಾಕಿಕೊಳ್ಳಿ, ರಾತ್ರಿ ತೆಗೆಯಿರಿ, ಒಂದೇ ವಾರದಲ್ಲಿ ಶುಗರ್ ಇಳಿಯುತ್ತದೆ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಕ್ಕ ಹುಡುಕಿಕೊಂಡು ಹೋಗಬೇಕಿಲ್ಲ. ರಸ್ತೆ ಬದಿ, ಹೊಲದ ಬದು, ಪಾಳು ಜಾಗ ಎಲ್ಲೆಲ್ಲೂ ಇದೆ. ಕಾಸು ಖರ್ಚಿಲ್ಲದ ಮದ್ದು ಎಂದು ಯಾರಾದರೂ ಮಾಡಿ ನೋಡಬಹುದು. ಅಪಾಯ ಇರುವುದೂ ಅಲ್ಲೇ.

ಎಂಥ ಗಿಡ ಇದು?

ಎಕ್ಕದ ಸಸ್ಯಶಾಸ್ತ್ರೀಯ ಹೆಸರು ಕ್ಯಾಲೊಟ್ರೊಪಿಸ್ ಜೈಜಾಂಟಿಯ. ಕಣಗಿಲೆಯ ಕುಟುಂಬಕ್ಕೇ ಸೇರಿದ್ದು. ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ದಪ್ಪ ಎಲೆ, ಅದರ ಮೇಲೆ ಬೂದಿ ಬಳಿದಂಥ ಬಿಳುಪು, ನಡುವೆ ಕಿರೀಟ ಇಟ್ಟಂತೆ ಕಾಣುವ ನೇರಳೆ ಅಥವಾ ಬಿಳಿ ಹೂವು. ಕಾಯಿ ಒಡೆದರೆ ರೇಷ್ಮೆಯಂಥ ಹತ್ತಿ ಕಟ್ಟಿಕೊಂಡ ಬೀಜಗಳು ಗಾಳಿಯಲ್ಲಿ ಹಾರಿ ಹೋಗುತ್ತವೆ.

ಎಲೆ ಕಿತ್ತ ಕೂಡಲೇ ಬಿಳಿ ಹಾಲು ಒಸರುತ್ತದೆ. ಗಿಡ ತನ್ನ ರಕ್ಷಣೆಗೆ ಇಟ್ಟುಕೊಂಡ ವಿಷ ಅದು. ಚರ್ಮವನ್ನು ಸುಡುವ ಕಿಣ್ವಗಳೂ ಹೃದಯ ಬಡಿತವನ್ನು ಏರುಪೇರು ಮಾಡುವ ರಾಸಾಯನಿಕಗಳೂ ಅದರಲ್ಲಿವೆ. ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕದಿರುವುದು ಇದಕ್ಕೇ. ಆಯುರ್ವೇದ ಕೂಡ ಎಕ್ಕವನ್ನು ‘ಉಪವಿಷ’ಗಳ ಪಟ್ಟಿಯಲ್ಲಿಟ್ಟಿದೆ, ಶುದ್ಧಿ ಮಾಡದೆ ಔಷಧಿಗೆ ಬಳಸಬಾರದು ಎನ್ನುತ್ತದೆ.

ಫಾರ್ವರ್ಡ್ ಹೇಳುವುದು ನಿಜವೇ?

ಇಲ್ಲ. ಎಕ್ಕದ ಸಾರವನ್ನು ಇಲಿಗಳಿಗೆ ಕುಡಿಸಿದಾಗ ಸಕ್ಕರೆ ಅಂಶ ಇಳಿದದ್ದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಇಲಿಯ ಹೊಟ್ಟೆಗೆ ಹೋದ ಸಾರಕ್ಕೂ ಮನುಷ್ಯರ ಪಾದಕ್ಕೆ ಕಟ್ಟಿದ ಎಲೆಗೂ ಸಂಬಂಧವಿಲ್ಲ. ಪಾದದ ದಪ್ಪ ಚರ್ಮದ ಮೂಲಕ ಎಲೆಯ ಅಂಶ ರಕ್ತಕ್ಕೆ ಸೇರಿ ಸಕ್ಕರೆ ಇಳಿಸುತ್ತದೆ ಎನ್ನಲು ಆಧಾರವಿಲ್ಲ.

ಹಾಗಾದರೆ ಕೆಲವರಿಗೆ ಇಳಿದದ್ದು ಹೇಗೆ? ಮದ್ದು ಮಾಡುವ ವಾರದಲ್ಲಿ ಸಿಹಿ ಬಿಟ್ಟಿರುತ್ತಾರೆ, ನಡೆದಾಡಿರುತ್ತಾರೆ. ಒಮ್ಮೆ ಊಟದ ನಂತರ, ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದರೂ ಅಂಕಿ ಬದಲಾಗುತ್ತದೆ. ಸುಮಾರು 3 ತಿಂಗಳ ಸರಾಸರಿ ತಿಳಿಯಲು ಎಚ್‌ಬಿಎ1ಸಿ ಪರೀಕ್ಷೆ ಬೇಕು.

ಪಾದಕ್ಕೇಕೆ ಅಪಾಯ?

ಸಕ್ಕರೆ ಕಾಯಿಲೆ ಹಳೆಯದಾದಂತೆ ಹಲವರಿಗೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ದಿನವಿಡೀ ಸಾಕ್ಸ್‌ನೊಳಗೆ ಒತ್ತಿ ಕೂತ ಎಲೆಯ ಹಾಲು ಬೊಬ್ಬೆ ಎಬ್ಬಿಸಿದರೂ ಉರಿ ಗೊತ್ತಾಗುವುದಿಲ್ಲ. ಗಾಯ ಬೇಗ ಮಾಯುವುದೂ ಇಲ್ಲ. ಸೋಂಕು ಮೂಳೆಗೆ ಇಳಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರಬಹುದು. ಎಲೆಯನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಟ್ಟರೆ ಅಪಾಯ ಎರಡು ಪಟ್ಟು. ಮುಳ್ಳು ಚುಚ್ಚಿದಾಗ ಎಕ್ಕದ ಹಾಲು ಬಿಡುವ ಹಳ್ಳಿ ಮದ್ದನ್ನೂ ಸಕ್ಕರೆ ಕಾಯಿಲೆಯವರು ಮಾಡಬಾರದು.

ಹಾಲು ಕಣ್ಣಿಗೆ ಬಿದ್ದರೆ ಮೊದಲು ನೋವೇ ಇಲ್ಲದಿರಬಹುದು, ಆದರೆ ದೃಷ್ಟಿ ಮಂಜಾಗುತ್ತದೆ. ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ 15–20 ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ರಥಸಪ್ತಮಿಯ ಸ್ನಾನಕ್ಕೆ ಎಲೆ ಬಳಸುವವರು ಮೊದಲೇ ಕಿತ್ತು, ಹಾಲು ಸೋರಿದ ಮೇಲೆ ಚೆನ್ನಾಗಿ ತೊಳೆದಿಡಿ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ.

ಗಿಡವನ್ನೇ ಕಡಿದು ಹಾಕಬೇಕೆ?

ಬೇಕಿಲ್ಲ. ಎಕ್ಕದ ಸೊಪ್ಪನ್ನು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಯುವ ಪದ್ಧತಿ ಹಳೆಯದು. ಸಾವಯವ ಕೃಷಿಕರು ಬೇವು, ಲಕ್ಕಿ, ಹೊಂಗೆ ಸೊಪ್ಪಿನೊಂದಿಗೆ ಕೊಳೆಸಿ ಕೀಟ ಓಡಿಸುವ ಕಷಾಯ ಮಾಡುತ್ತಾರೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ದೊಡ್ಡ ಕಪ್ಪು ದುಂಬಿಗಳು ಹೂವಿಗೆ ಬರುತ್ತವೆ, ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ.

ಗಣಪತಿ ಪೂಜೆಗೆಂದು ಬಿಳಿ ಎಕ್ಕ ಬೆಳೆಸುವುದಾದರೆ ಬೀಜ ಅಥವಾ ಕಡ್ಡಿಯಿಂದ ಬೆಳೆಸಬಹುದು. ನೀರು ನಿಲ್ಲದ ಮಣ್ಣು, ಪೂರ್ತಿ ಬಿಸಿಲು ಇದ್ದರೆ ಸಾಕು, ಬರವನ್ನೂ ತಡೆಯುತ್ತದೆ. ಮಕ್ಕಳು ಆಡುವ ಜಾಗದಿಂದ ದೂರ ನೆಡಿ. ಕಡಿಯುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಈ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಎಲೆ ಕಟ್ಟಿಕೊಂಡವರು ಮನೆಯಲ್ಲಿದ್ದರೆ ಅವರ ಪಾದವನ್ನು ಬೆಳಕಿನಲ್ಲಿ ನೋಡಿ. ಬೊಬ್ಬೆ, ಕೆಂಪು, ಗಾಯ ಕಂಡರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.