ಪ್ರತಿಜೈವಿಕ ನಿಷೇಧ ಹಾಗೂ ಮೀನಿನ ಮೈಲೋಳೆ

2025ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕ್ಲೋರಂಫೆನಿಕಾಲ್ ಹಾಗೂ ನೈಟ್ರೋಫ್ಯುರಾನ್ ಔಷಧಿಗಳ ಬಳಕೆಯನ್ನು ನಿಷೇಧಿಸಿತು. ಕೊಲಿಸ್ಟಿನ್ 2019ರಲ್ಲಿಯೇ ನಿಷೇಧಕ್ಕೊಳಗಾಗಿತ್ತು. ಅಥಣಿ ತಾಲ್ಲೂಕಿನ ತೆಲಸಂಗ ಭಾಗದಲ್ಲಿ ದ್ರಾಕ್ಷಿ ತೋಟದ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮರಿಗಳನ್ನು ಬಿಡುವ ರೈತ ಬಾಂಧವರಿಗೆ ಇದು ಸಿಗಡಿ ರಫ್ತುದಾರರ ವಿಷಯವೆಂದು ತೋರಬಹುದು. ಹಾಗಲ್ಲ. ಔಷಧಿಯನ್ನು ಸಹಿಸಿ ಬದುಕುಳಿದ ಬ್ಯಾಕ್ಟೀರಿಯಾ ಹೊಂಡದ ನೀರು, ಕೆಸರಿನಲ್ಲಿ ಉಳಿದು ಮುಂದಿನ ಬಾರಿಯ ಮರಿಗಳಿಗೂ ತಗುಲಬಲ್ಲದು. ಆಗ ಅದೇ ಔಷಧಿ ಕೆಲಸ ಮಾಡದು.

ಮೀನಿಗೆ ತನ್ನದೇ ಆದ ರಕ್ಷಣೆಯೊಂದಿದೆ. ಚರ್ಮದ ಕೋಶಗಳು ಸ್ರವಿಸುವ ಲೋಳೆಯು ಬ್ಯಾಕ್ಟೀರಿಯಾಗಳನ್ನು ಅಂಟಿಸಿಕೊಂಡು ನೀರಿಗೆ ಕಳಚಿಹೋಗುತ್ತದೆ, ಅದರ ಜಾಗದಲ್ಲಿ ಹೊಸ ಲೋಳೆ ಬರುತ್ತದೆ. ಅದರಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆಯುತ್ತದೆ. ಪ್ರತಿಕಾಯಗಳೂ ಚಿಕ್ಕ ಪೆಪ್ಟೈಡ್‌ಗಳೂ ಜೊತೆಗಿರುತ್ತವೆ. ಗಾಯಗೊಂಡ ಕ್ಯಾಟ್‌ಫಿಶ್ ಮೀನಿನ ಲೋಳೆಯಲ್ಲಿ ಪ್ಯಾರಾಸಿನ್ ಎಂಬ ಅಂತಹ ಪೆಪ್ಟೈಡನ್ನು ಕೊರಿಯಾದ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದರು. ಕೆರೆ, ಹೊಂಡಗಳ ನೀರಿನಲ್ಲಿ ಸಾಮಾನ್ಯವಾಗಿರುವ ಏರೋಮೊನಾಸ್ ಬ್ಯಾಕ್ಟೀರಿಯಾ ಆರೋಗ್ಯವಂತ ಮೀನನ್ನು ಸುಲಭವಾಗಿ ಹೊಕ್ಕುವುದಿಲ್ಲ. ಲೋಳೆ ಕಿತ್ತು, ಹುರುಪೆ ಉದುರಿದ ಕಡೆಯಲ್ಲಿಯೇ ಹುಣ್ಣು ಆರಂಭವಾಗುವುದು ಹೆಚ್ಚು.

ಕಿತ್ತುಹೋಗುವುದು ಬಹುಪಾಲು ನಮ್ಮ ಕೈಯಿಂದಲೇ ಎಂಬುದನ್ನು ಗಮನಿಸಬೇಕು. ಒಣ ಕೈ, ಒರಟು ಗಂಟಿನ ಬಲೆ, ಮರಿಗಳನ್ನು ಬುಟ್ಟಿಯಲ್ಲಿ ಒತ್ತೊತ್ತಾಗಿ ತುಂಬುವುದು ಇವೆಲ್ಲ ಲೋಳೆಯನ್ನು ಒರೆಸಿಹಾಕುತ್ತವೆ. ಮರಿಗಳನ್ನು ಮುಂಜಾನೆಯ ತಂಪಿನಲ್ಲಿ, ಒದ್ದೆ ಕೈ ಮತ್ತು ಗಂಟಿಲ್ಲದ ಮೃದು ಬಲೆಯಿಂದ ಹಿಡಿಯಿರಿ. ಬಿಡುವ ಮೊದಲು ಲೀಟರ್ ನೀರಿಗೆ 20–30 ಗ್ರಾಂ ಅಡುಗೆ ಉಪ್ಪು ಬೆರೆಸಿ, ಒಂದೆರಡು ನಿಮಿಷ ಮಾತ್ರ ಅದ್ದಿರಿ. ಮರಿ ಮಗ್ಗುಲಾದರೆ ತಕ್ಷಣ ತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಉಪ್ಪೇ ಲೋಳೆಯನ್ನು ಕಳಚುತ್ತದೆ.

ದ್ರಾಕ್ಷಿ ಬೆಳೆಗಾರರು ಇನ್ನೊಂದನ್ನು ಮರೆಯಬಾರದು. ಮೈಲುತುತ್ತಿನ ತಾಮ್ರವು ಮೀನಿನ ಕಿವಿರು, ಚರ್ಮ ಎರಡಕ್ಕೂ ವಿಷ. ಬೋರ್ಡೋ ದ್ರಾವಣದ ಡ್ರಮ್ಮನ್ನು, ಸಿಂಪರಣಾ ಯಂತ್ರವನ್ನು ಹೊಂಡದ ದಂಡೆಯಲ್ಲಿ ತೊಳೆಯಬೇಡಿ.

ಲೋಳೆ ಹೆಚ್ಚಿದಷ್ಟೂ ಒಳ್ಳೆಯದೆಂದೂ ತಿಳಿಯಬೇಡಿ. ಮೈ ಬಿಳಿಚಿ ದಪ್ಪ ಲೋಳೆ ಕಟ್ಟಿ, ಮೀನು ದಂಡೆಗೆ ಮೈ ಉಜ್ಜುತ್ತಿದ್ದರೆ ಮೀನು ಹೇನು ಇದೆಯೇ, ನೀರು ಕೆಟ್ಟಿದೆಯೇ ಎಂದು ನೋಡಬೇಕು. ಹುಣ್ಣು ಕಂಡಾಗ ವಿಸ್ತರಣಾ ಕಾರ್ಯಕರ್ತರು ಅಂದಾಜಿನ ಮೇಲೆ ಔಷಧಿ ಸೂಚಿಸದೆ, ಜೀವಂತ ರೋಗಗ್ರಸ್ತ ಮೀನನ್ನು ಅದೇ ಹೊಂಡದ ನೀರಿನೊಂದಿಗೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಸತ್ತು ಕೊಳೆತ ಮೀನಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳುವುದರಿಂದ ನಿಜವಾದ ಕಾರಣ ತಿಳಿಯದು.